ರಸ್ತೆ ಫಲಕಗಳಿಗೆ ದೇಶವಿಡೀ ಒಂದೇ ಭಾಷೆ ಬಂದಿದ್ದು ಹೇಗೆ? ಪುಣೆ ವಿವಿಯ ಮೊದಲ ಕುಲಪತಿ ಎಂ.ಆರ್. ಜಯಕರ್ ಬದುಕಿನ ಕಥೆ

ಪುಣೆ: ಗಣೇಶಖಿಂಡ್ ರಸ್ತೆಯಲ್ಲಿ ಒಮ್ಮೆ ವಾಹನ ಓಡಿಸಿದವರು ವಿಶ್ವವಿದ್ಯಾಲಯದ ಎದುರಿನ ಚೌಕವನ್ನು ಸುಲಭಕ್ಕೆ ಮರೆಯುವುದಿಲ್ಲ. ಔಂಧ್, ಬಾಣೇರ್, ಪಾಷಾಣ್ ಮತ್ತು ಶಿವಾಜಿನಗರದ ಕಡೆಯಿಂದ ಬರುವ ವಾಹನಗಳೆಲ್ಲ ಇಲ್ಲಿ ಸೇರುತ್ತವೆ. ಇಲ್ಲಿದ್ದ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಲಾಯಿತು. ಮೆಟ್ರೋ ಮತ್ತು ವಾಹನ ಎರಡಕ್ಕೂ ಜಾಗವಿರುವ ಡಬಲ್ ಡೆಕರ್ ಮೇಲ್ಸೇತುವೆಯನ್ನು ಅದೇ ಸ್ಥಳದಲ್ಲಿ ಕಟ್ಟಲಾಗಿದೆ. ಕಾಮಗಾರಿ ನಡೆದ ವರ್ಷಗಳಲ್ಲಿ ಇಲ್ಲಿ ಹಾಕಿದ್ದ ಬದಲಿ ಮಾರ್ಗದ ಬೋರ್ಡ್‌ಗಳನ್ನು ಹುಡುಕುತ್ತಾ ಸುತ್ತಾಡಿದ ಕನ್ನಡಿಗರೂ ಪುಣೆಯಲ್ಲಿ ಕಡಿಮೆಯೇನಿಲ್ಲ.

ಇದೇ ಚೌಕದ ಪಕ್ಕದ ಗೇಟ್ ದಾಟಿ ಕ್ಯಾಂಪಸ್ ಒಳಗೆ ಹೋದರೆ ದೊಡ್ಡದೊಂದು ಗ್ರಂಥಾಲಯ ಸಿಗುತ್ತದೆ. ಅದಕ್ಕೆ ಇಟ್ಟಿರುವುದು ಮುಕುಂದ ರಾಮರಾವ್ ಜಯಕರ್ ಅವರ ಹೆಸರು. ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಂದು ಅವರನ್ನು ಬಲ್ಲವರು ಹಲವರಿದ್ದಾರೆ. ಆದರೆ ಗೇಟ್ ಹೊರಗಿನ ಸಿಗ್ನಲ್, ಬೋರ್ಡ್, ರಸ್ತೆ ಗೆರೆಗಳಿಗೂ ಅವರಿಗೂ ಇರುವ ನಂಟು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ಜಯಕರ್ ಎಂಜಿನಿಯರ್ ಆಗಿರಲಿಲ್ಲ, ಬ್ಯಾರಿಸ್ಟರ್ ಆಗಿದ್ದರು. ಯಾವ ಟ್ರಾಫಿಕ್ ಫಲಕವನ್ನೂ ಅವರು ವಿನ್ಯಾಸ ಮಾಡಲಿಲ್ಲ. ಆದರೂ ಪುಣೆಯಿಂದ ಬೆಂಗಳೂರಿಗೆ ಹೊರಟ ಚಾಲಕ ನಿಪ್ಪಾಣಿ ಗಡಿ ದಾಟಿದ ಮೇಲೂ ಅದೇ ತ್ರಿಕೋನ, ಅದೇ ವೃತ್ತವನ್ನು ನೋಡಿ ಅದೇ ಅರ್ಥ ಮಾಡಿಕೊಳ್ಳುತ್ತಾನೆ ಎಂದರೆ, ಅದರ ಹಿಂದಿನ ವ್ಯವಸ್ಥೆಗೆ ಬುನಾದಿ ಹಾಕಿದ್ದು ಅವರ ಅಧ್ಯಕ್ಷತೆಯ ಸಮಿತಿ. ನವೆಂಬರ್ 13 ಅವರ ಜನ್ಮದಿನ. ಅವರ ಬದುಕಿನತ್ತ ಒಂದು ನೋಟ ಇಲ್ಲಿದೆ.

ಯಾರು ಈ ಜಯಕರ್?

ಜಯಕರ್ ಹುಟ್ಟಿದ್ದು 1873ರ ನವೆಂಬರ್ 13ರಂದು, ಮರಾಠಿ ಮಾತನಾಡುವ ಪಠಾರೆ ಪ್ರಭು ಸಮುದಾಯದಲ್ಲಿ. ಮುಂಬೈನ ಹಳೆಯ ನಿವಾಸಿಗಳೆಂದು ಗುರುತಿಸಿಕೊಂಡ ಸಮುದಾಯವಿದು. ಎಲ್ಫಿನ್‌ಸ್ಟನ್ ಕಾಲೇಜು ಮತ್ತು ಸರ್ಕಾರಿ ಲಾ ಸ್ಕೂಲ್‌ನಲ್ಲಿ ಓದಿದ ಅವರು ಲಂಡನ್‌ಗೆ ಹೋಗಿ 1905ರಲ್ಲಿ ಬ್ಯಾರಿಸ್ಟರ್ ಆದರು. ಅದೇ ವರ್ಷ ಬಾಂಬೆ ಹೈಕೋರ್ಟ್‌ನಲ್ಲಿ ವಕೀಲಿಕೆ ಶುರು ಮಾಡಿದರು. ಕಾನೂನಿನಷ್ಟೇ ಸಂಸ್ಕೃತ ಮತ್ತು ವೇದಾಂತದಲ್ಲೂ ಅವರಿಗೆ ಆಸಕ್ತಿ ಇತ್ತು.

ಹೋಂ ರೂಲ್ ಚಳವಳಿಯ ದಿನಗಳಲ್ಲಿ ಅವರು ರಾಜಕೀಯಕ್ಕೆ ಬಂದರು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಳಿಕ ಪಂಜಾಬ್‌ನಲ್ಲಿ ನಡೆದ ದೌರ್ಜನ್ಯಗಳ ತನಿಖೆಗೆ ಕಾಂಗ್ರೆಸ್ ತನ್ನದೇ ಸಮಿತಿ ರಚಿಸಿತು. ಗಾಂಧೀಜಿ, ಚಿತ್ತರಂಜನ್ ದಾಸ್, ಅಬ್ಬಾಸ್ ತ್ಯಾಬ್ಜಿ ಅವರ ಜೊತೆ ಜಯಕರ್ ಕೂಡ ಅದರಲ್ಲಿದ್ದರು. ಸಾಕ್ಷಿಗಳ ಹೇಳಿಕೆ ಕೇಳುವುದು, ಒಂದನ್ನೊಂದು ತಾಳೆ ನೋಡುವುದು, ವರದಿ ಬರೆಯುವುದು ಈ ಸಮಿತಿಯ ಕೆಲಸವಾಗಿತ್ತು. ಮುಂದಿನ ದಿನಗಳಲ್ಲಿ ಇಂಥ ಸಮಿತಿ ಕೆಲಸವೇ ಅವರ ಹೆಗ್ಗುರುತಾಯಿತು.

1923ರಲ್ಲಿ ಅವರು ಬಾಂಬೆ ಶಾಸನ ಪರಿಷತ್ತಿಗೆ ಆಯ್ಕೆಯಾಗಿ ಅಲ್ಲಿ ಸ್ವರಾಜ್ ಪಕ್ಷದ ನಾಯಕರಾದರು. ಸದನದೊಳಗಿದ್ದು ಎಲ್ಲವನ್ನೂ ವಿರೋಧಿಸುವುದು ಪಕ್ಷದ ನೀತಿಯಾಗಿತ್ತು. ಜನರಿಗೆ ಒಳ್ಳೆಯದಾಗುವ ಕಡೆ ಸರ್ಕಾರದೊಂದಿಗೆ ಸಹಕರಿಸಿ, ಕೆಟ್ಟದ್ದನ್ನು ವಿರೋಧಿಸೋಣ ಎಂಬುದು ಜಯಕರ್ ಅವರ ನಿಲುವು. ಎನ್.ಸಿ. ಕೇಳ್ಕರ್, ಬಿ.ಎಸ್. ಮೂಂಜೆ ಅವರ ಜೊತೆ ಅವರು ಪಕ್ಷದಿಂದ ಹೊರಬಂದರು. ಈ ಗುಂಪಿಗೆ ರೆಸ್ಪಾನ್ಸಿವಿಸ್ಟ್ ಎಂಬ ಹೆಸರು ಬಂತು. ಆಮೇಲೆ ಅವರು ದೆಹಲಿಯ ಕೇಂದ್ರ ಶಾಸನ ಸಭೆಗೆ ಹೋದರು. ರಸ್ತೆಯ ವಿಷಯ ಅವರ ಪಾಲಿಗೆ ಬಂದಿದ್ದು ಅಲ್ಲಿ.

ಒಂದೇ ದಾರಿ, ಹಲವು ಆಡಳಿತ

1920ರ ದಶಕದ ರಸ್ತೆಗಳನ್ನು ಸ್ವಲ್ಪ ಊಹಿಸಿಕೊಳ್ಳಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಲಾರಿ, ಬಸ್, ಕಾರುಗಳ ಸಂಖ್ಯೆ ಏರತೊಡಗಿತ್ತು. ಆದರೆ ರಸ್ತೆಗಳನ್ನು ಕಟ್ಟಿದ್ದು ಎತ್ತಿನ ಗಾಡಿ, ಟಾಂಗಾಗಳ ಕಾಲದಲ್ಲಿ. ಜಲ್ಲಿ ಮತ್ತು ಮಣ್ಣು ಹಾಕಿ ಗಟ್ಟಿ ಮಾಡಿದ ಮೇಲ್ಮೈ ರಬ್ಬರ್ ಟೈರ್‌ಗಳ ವೇಗಕ್ಕೆ ಕಿತ್ತುಬರುತ್ತಿತ್ತು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ಮಾಮೂಲಾಗಿತ್ತು.

ಹಣದ ಸಮಸ್ಯೆ ಇನ್ನೂ ದೊಡ್ಡದು. 1919ರ ಸುಧಾರಣೆಗಳ ನಂತರ ರಸ್ತೆಗಳು ಪ್ರಾಂತ್ಯಗಳ ಹೊಣೆಯಾದವು. ಪ್ರಾಂತ್ಯಗಳು ಬಹುಪಾಲು ರಸ್ತೆಗಳನ್ನು ಜಿಲ್ಲಾ ಬೋರ್ಡ್‌ಗಳಿಗೆ ಬಿಟ್ಟವು. ಜಿಲ್ಲಾ ಬೋರ್ಡ್‌ಗಳ ಬಳಿ ದೂರದ ಊರುಗಳನ್ನು ಜೋಡಿಸುವ ಹೆದ್ದಾರಿ ಕಟ್ಟುವಷ್ಟು ಹಣ ಇರಲಿಲ್ಲ, ಅದರ ಅಗತ್ಯವೂ ಅವರಿಗೆ ಕಾಣುತ್ತಿರಲಿಲ್ಲ.

ಪುಣೆ-ಬೆಂಗಳೂರು ದಾರಿಯನ್ನೇ ತೆಗೆದುಕೊಳ್ಳಿ. ಪುಣೆ, ಸಾತಾರಾ ಬಾಂಬೆ ಪ್ರಾಂತ್ಯದಲ್ಲಿದ್ದವು. ಮುಂದೆ ಕೊಲ್ಲಾಪುರ ಸಂಸ್ಥಾನ. ಅದು ದಾಟಿದರೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಮತ್ತೆ ಬಾಂಬೆ ಪ್ರಾಂತ್ಯ. ತುಂಗಭದ್ರೆ ದಾಟಿ ಹರಿಹರ ತಲುಪಿದರೆ ಮೈಸೂರು ಸಂಸ್ಥಾನ. 1914ರಲ್ಲೇ ಬ್ರಿಟಿಷ್ ಭಾರತಕ್ಕೆ ಮೋಟಾರು ವಾಹನ ಕಾಯ್ದೆ ಬಂದಿತ್ತಾದರೂ, ನಿಯಮ ರೂಪಿಸುವ ಅಧಿಕಾರ ಪ್ರಾಂತ್ಯಗಳದ್ದಾಗಿತ್ತು. ಸಂಸ್ಥಾನಗಳಿಗೆ ತಮ್ಮದೇ ಕಾನೂನಿತ್ತು. ಒಂದೇ ದಾರಿಯಲ್ಲಿ ಹೋಗುವ ಚಾಲಕ ಹಲವು ಆಡಳಿತಗಳ ಕೈಗೆ ಸಿಗುತ್ತಿದ್ದ.

ಯುರೋಪ್ ಈ ತೊಂದರೆಯನ್ನು ಮೊದಲೇ ಅನುಭವಿಸಿತ್ತು. ಅಲ್ಲಿ ಕಾರುಗಳು ಗಡಿ ದಾಟತೊಡಗಿದಾಗ ಪ್ಯಾರಿಸ್‌ನಲ್ಲಿ 1909ರಲ್ಲಿ ಹಲವು ದೇಶಗಳು ಸೇರಿ ನಾಲ್ಕು ಎಚ್ಚರಿಕೆ ಚಿಹ್ನೆಗಳನ್ನು ಒಪ್ಪಿಕೊಂಡವು. ಉಬ್ಬು-ತಗ್ಗು, ತಿರುವು, ಅಡ್ಡರಸ್ತೆ ಮತ್ತು ರೈಲ್ವೆ ಲೆವೆಲ್ ಕ್ರಾಸಿಂಗ್, ಇಷ್ಟೇ. ಅಕ್ಷರದ ಬದಲು ಚಿತ್ರ ಬಳಸಿದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ ಎಂಬುದು ಅಲ್ಲಿನ ಪಾಠ. ಯುರೋಪಿನಷ್ಟೇ ಭಾಷೆಗಳಿರುವ ಭಾರತಕ್ಕೆ ಇದು ಇನ್ನೂ ಹೆಚ್ಚು ಬೇಕಿತ್ತು. ಆದರೆ ಎಲ್ಲರನ್ನೂ ಕೂರಿಸಿ ಒಂದು ತೀರ್ಮಾನಕ್ಕೆ ತರುವ ವೇದಿಕೆಯೇ ಇಲ್ಲಿರಲಿಲ್ಲ.

1927ರ ಜಯಕರ್ ಸಮಿತಿ ಹೇಳಿದ್ದೇನು?

1927ರಲ್ಲಿ ಸರ್ಕಾರ ಭಾರತೀಯ ರಸ್ತೆ ಅಭಿವೃದ್ಧಿ ಸಮಿತಿ ರಚಿಸಿತು. ಕೇಂದ್ರ ಶಾಸಕಾಂಗದ ಎರಡೂ ಸದನಗಳ ಸದಸ್ಯರಿದ್ದ ಈ ಸಮಿತಿಗೆ ಜಯಕರ್ ಅಧ್ಯಕ್ಷರಾದರು. ಹಾಗಾಗಿ ಇತಿಹಾಸದಲ್ಲಿ ಇದು ಜಯಕರ್ ಸಮಿತಿ ಎಂದೇ ಉಳಿಯಿತು. 1928ರಲ್ಲಿ ವರದಿ ಸಲ್ಲಿಕೆಯಾಯಿತು. ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಹೆದ್ದಾರಿ ಪಠ್ಯದ ಮೊದಲ ಅಧ್ಯಾಯದಲ್ಲೇ ಈ ಹೆಸರನ್ನು ಓದುತ್ತಾರೆ.

ವರದಿಯ ಮುಖ್ಯ ಅಂಶಗಳು ಹೀಗಿದ್ದವು:

- ರಸ್ತೆ ಅಭಿವೃದ್ಧಿ ಪ್ರಾಂತ್ಯ ಮತ್ತು ಜಿಲ್ಲಾ ಬೋರ್ಡ್‌ಗಳ ಶಕ್ತಿ ಮೀರಿ ಬೆಳೆದಿದೆ. ಅದನ್ನು ರಾಷ್ಟ್ರೀಯ ಹಿತದ ವಿಷಯವಾಗಿ ನೋಡಬೇಕು.
- ಪೆಟ್ರೋಲ್ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ಹಣವನ್ನು ರಸ್ತೆಗೆಂದೇ ಮೀಸಲಿಡಬೇಕು.
- ಬೇರೆ ಬೇರೆ ಪ್ರಾಂತ್ಯಗಳ ಎಂಜಿನಿಯರ್‌ಗಳು ಕೂತು ಅನುಭವ ಹಂಚಿಕೊಳ್ಳಲು, ಮಾನದಂಡ ರೂಪಿಸಲು ಅರೆ ಸರ್ಕಾರಿ ತಾಂತ್ರಿಕ ಸಂಸ್ಥೆ ಬೇಕು.
- ರಸ್ತೆ ಕುರಿತು ಸಂಶೋಧನೆ ನಡೆಸಲು ಪ್ರತ್ಯೇಕ ಸಂಸ್ಥೆ ಬೇಕು.

ಮೊದಲ ಫಲ ಬೇಗ ಸಿಕ್ಕಿತು. 1929ರ ಮಾರ್ಚ್ 1ರಿಂದ ಕೇಂದ್ರ ರಸ್ತೆ ನಿಧಿ ಜಾರಿಗೆ ಬಂತು. ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕೂವರೆ ಲೀಟರ್ ಪೆಟ್ರೋಲ್‌ಗೆ 2 ಆಣೆ ಹೆಚ್ಚುವರಿ ಸುಂಕ. ಒಂದು ಭಾಗವನ್ನು ಕೇಂದ್ರ ತನ್ನಲ್ಲಿ ಉಳಿಸಿಕೊಂಡು, ಉಳಿದಿದ್ದನ್ನು ಪೆಟ್ರೋಲ್ ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಿತ್ತು. ರಸ್ತೆ ಬಳಸುವವನೇ ರಸ್ತೆಗೆ ಹಣ ಕೊಡಬೇಕು ಎಂಬ ತತ್ವ ಭಾರತದಲ್ಲಿ ಹೀಗೆ ಆರಂಭವಾಯಿತು.

ಮೇಲ್ನೋಟಕ್ಕೆ ಇದೆಲ್ಲ ಲೆಕ್ಕಪತ್ರದ ವಿಷಯ. ಆದರೆ ಫಲಕಗಳ ದೃಷ್ಟಿಯಿಂದ ಮಹತ್ವದ್ದು ಮೂರನೇ ಶಿಫಾರಸು. ಒಂದು ಚಿಹ್ನೆಗೆ ಬೆಲೆ ಬರುವುದು ಅದನ್ನು ಎಲ್ಲರೂ ಒಂದೇ ರೀತಿ ಓದಿದಾಗ. ಎಲ್ಲರೂ ಒಂದೇ ರೀತಿ ಓದಬೇಕಾದರೆ ಮೊದಲು ಎಲ್ಲರೂ ಒಪ್ಪಬೇಕು. ಒಪ್ಪುವುದಕ್ಕೆ ಒಂದು ಜಾಗ ಬೇಕು. ಜಯಕರ್ ಸಮಿತಿ ಕೇಳಿದ್ದು ಆ ಜಾಗವನ್ನು.

ಯರವಡಾ ಜೈಲಿನಲ್ಲಿ ಮಧ್ಯಸ್ಥಿಕೆ

ರಸ್ತೆ ವರದಿ ಸಲ್ಲಿಸಿದ ಎರಡೇ ವರ್ಷಗಳಲ್ಲಿ ಜಯಕರ್ ಪುಣೆಯಲ್ಲಿ ಇನ್ನೊಂದು ಕಷ್ಟದ ಕೆಲಸಕ್ಕೆ ಕೈಹಾಕಿದರು. ಉಪ್ಪಿನ ಸತ್ಯಾಗ್ರಹದ ಬಳಿಕ ಗಾಂಧೀಜಿ ಯರವಡಾ ಜೈಲಿನಲ್ಲಿದ್ದರು. ಮೋತಿಲಾಲ್ ಮತ್ತು ಜವಾಹರಲಾಲ್ ನೆಹರು ಅಲಹಾಬಾದ್ ಬಳಿಯ ನೈನಿ ಜೈಲಿನಲ್ಲಿದ್ದರು. ಸರ್ಕಾರ ಮತ್ತು ಕಾಂಗ್ರೆಸ್ ನಡುವೆ ರಾಜಿ ಸಾಧ್ಯವೇ ಎಂದು ನೋಡಲು ಜಯಕರ್ ಮತ್ತು ತೇಜ್ ಬಹಾದ್ದೂರ್ ಸಪ್ರು ಮುಂದಾದರು.

1930ರ ಆಗಸ್ಟ್‌ನಲ್ಲಿ ನೆಹರೂಗಳನ್ನು ವಿಶೇಷ ರೈಲಿನಲ್ಲಿ ಪುಣೆಗೆ ಕರೆತಂದು ಯರವಡಾದಲ್ಲಿ ಗಾಂಧೀಜಿ ಜೊತೆ ಮಾತುಕತೆಗೆ ಕೂರಿಸಲಾಯಿತು. ಎರಡೂ ಕಡೆಯವರ ಷರತ್ತುಗಳ ನಡುವೆ ಅಂತರ ದೊಡ್ಡದಿತ್ತು, ಮಾತುಕತೆ ಮುರಿದುಬಿತ್ತು. ಜಯಕರ್ ಲಂಡನ್‌ನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದ ಮೇಲೂ ಪ್ರಯತ್ನ ಬಿಡಲಿಲ್ಲ. ಸಪ್ರು, ಶ್ರೀನಿವಾಸ ಶಾಸ್ತ್ರಿ ಮತ್ತು ಅವರು ಸೇರಿ ಮಾಡಿದ ಓಡಾಟ 1931ರ ಮಾರ್ಚ್‌ನ ಗಾಂಧಿ-ಇರ್ವಿನ್ ಒಪ್ಪಂದಕ್ಕೆ ದಾರಿ ಮಾಡಿಕೊಟ್ಟಿತು.

1932ರ ಸೆಪ್ಟೆಂಬರ್‌ನಲ್ಲಿ ಮತ್ತೆ ಯರವಡಾ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ನೀಡುವ ಬ್ರಿಟಿಷ್ ನಿರ್ಧಾರದ ವಿರುದ್ಧ ಗಾಂಧೀಜಿ ಉಪವಾಸ ಕೂತಿದ್ದರು. ಡಾ. ಅಂಬೇಡ್ಕರ್ ಜೊತೆ ನಡೆದ ಮಾತುಕತೆಗಳ ಕೊನೆಗೆ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಸಹಿ ಹಾಕಿದವರಲ್ಲಿ ಜಯಕರ್ ಕೂಡ ಒಬ್ಬರು.

ಮಧ್ಯಸ್ಥಿಕೆ ವಹಿಸುವವರಿಗೆ ಇತಿಹಾಸದಲ್ಲಿ ಹೆಚ್ಚು ಜಾಗ ಸಿಗುವುದಿಲ್ಲ. ಒಪ್ಪಂದವಾದರೆ ಅದರ ಕೀರ್ತಿ ನಾಯಕರಿಗೆ ಹೋಗುತ್ತದೆ. ಮುರಿದರೆ ನಡುವೆ ನಿಂತವರ ಮೇಲೆ ಎರಡೂ ಕಡೆಯವರಿಗೆ ಅನುಮಾನ. ಜಯಕರ್ ಅವರ ರಾಜಕೀಯ ಬದುಕು ಹೀಗೆಯೇ ಸಾಗಿತು.

ವರದಿಯಿಂದ ರಸ್ತೆ ಬದಿಯ ಫಲಕದವರೆಗೆ

ಅತ್ತ ರಸ್ತೆ ವರದಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. 1934ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪನೆಯಾಯಿತು. ಜಯಕರ್ ಸಮಿತಿ ಕೇಳಿದ್ದ ಅರೆ ಸರ್ಕಾರಿ ತಾಂತ್ರಿಕ ಸಂಸ್ಥೆ ಇದೇ. ಪ್ರಾಂತ್ಯ, ಸಂಸ್ಥಾನಗಳ ಎಂಜಿನಿಯರ್‌ಗಳು ಒಂದೇ ಮೇಜಿನ ಸುತ್ತ ಕೂತರು. ಎರಡನೇ ಅಧಿವೇಶನ 1936ರಲ್ಲಿ ನಡೆದಿದ್ದು ನಮ್ಮ ಬೆಂಗಳೂರಿನಲ್ಲಿ.

1939ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಬಂತು. ಸಂಚಾರ ಫಲಕಗಳ ನಮೂನೆಗಳು ಕಾಯ್ದೆಯ ಅನುಸೂಚಿಗೇ ಸೇರಿದವು. ಅಂದರೆ ಫಲಕ ಸ್ಥಳೀಯ ಅಧಿಕಾರಿಯ ಇಷ್ಟದ ವಸ್ತುವಾಗಿ ಉಳಿಯದೆ ಕಾನೂನಿನ ಭಾಗವಾಯಿತು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರ್‌ಗಳು ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿದರು. ಇಂದು ಹಳದಿ ತಲೆಯ ಕಿಲೋಮೀಟರ್ ಕಲ್ಲು ಕಂಡರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಕಂಡರೆ ರಾಜ್ಯ ಹೆದ್ದಾರಿ, ಕಿತ್ತಳೆ ಕಂಡರೆ ಗ್ರಾಮ ರಸ್ತೆ ಎಂದು ನಾವು ಗುರುತಿಸುವುದು ಈ ವಿಂಗಡಣೆಯನ್ನು ಆಧರಿಸಿ.

ಸಂಶೋಧನಾ ಸಂಸ್ಥೆಯ ಶಿಫಾರಸು ಈಡೇರಲು ಇನ್ನಷ್ಟು ಕಾಲ ಬೇಕಾಯಿತು. ದೆಹಲಿಯಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ 1952ರಲ್ಲಿ ಉದ್ಘಾಟನೆಯಾದಾಗ ಜಯಕರ್ ವರದಿಗೆ 24 ವರ್ಷ ತುಂಬಿತ್ತು. ರಸ್ತೆ ಫಲಕಗಳಿಗೆ ರೋಡ್ಸ್ ಕಾಂಗ್ರೆಸ್‌ನ ಸಂಪೂರ್ಣ ಸಂಹಿತೆ ಐಆರ್‌ಸಿ 67 ಎಂಬ ಹೆಸರಿನಲ್ಲಿ 1977ರಲ್ಲಿ ಹೊರಬಂತು. ಆಗ ಜಯಕರ್ ಇರಲಿಲ್ಲ. 1980ರಲ್ಲಿ ಭಾರತ ರಸ್ತೆ ಚಿಹ್ನೆಗಳ ವಿಯೆನ್ನಾ ಒಪ್ಪಂದಕ್ಕೂ ಸೇರಿತು.

ಈ ಸಂಹಿತೆಯ ವ್ಯಾಕರಣ ತುಂಬಾ ಸರಳ. ಕೆಂಪು ಅಂಚಿನ ವೃತ್ತ ಕಂಡರೆ ನಿಷೇಧ ಅಥವಾ ಮಿತಿ. ನೀಲಿ ವೃತ್ತ ಕಂಡರೆ ಹೀಗೆಯೇ ಹೋಗಬೇಕು ಎಂಬ ಆದೇಶ. ಕೆಂಪು ಅಂಚಿನ ತ್ರಿಕೋನ ಎಂದರೆ ಮುಂದೆ ಅಪಾಯವಿದೆ, ಎಚ್ಚರ. ನೀಲಿ ಆಯತ ಎಂದರೆ ಮಾಹಿತಿ. ನಿಲ್ಲಿ ಎನ್ನುವುದಕ್ಕೆ ಎಂಟು ಮೂಲೆ, ದಾರಿ ಬಿಡಿ ಎನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಮಂಜು ಕವಿದಾಗ, ಬೋರ್ಡ್ ಮಾಸಿದಾಗಲೂ ಆಕಾರ ನೋಡಿಯೇ ಅರ್ಥ ಹಿಡಿಯಬಹುದು. ಎಂಟು ಮೂಲೆಯ ಫಲಕವನ್ನು ಹಿಂದಿನಿಂದ ನೋಡಿದರೂ ಅದು ಸ್ಟಾಪ್ ಬೋರ್ಡ್ ಎಂದು ಗೊತ್ತಾಗುತ್ತದೆ.

ನ್ಯಾಯಪೀಠ, ಸಂವಿಧಾನ ಸಭೆ

1937ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಫೆಡರಲ್ ಕೋರ್ಟ್ ಆರಂಭವಾಯಿತು. ಇಂದಿನ ಸುಪ್ರೀಂ ಕೋರ್ಟ್‌ನ ಪೂರ್ವಜ ಅದು. ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವೈಯರ್ ಜೊತೆ ಇದ್ದ ಮೊದಲ ಇಬ್ಬರು ನ್ಯಾಯಮೂರ್ತಿಗಳು ಶಾ ಮುಹಮ್ಮದ್ ಸುಲೇಮಾನ್ ಮತ್ತು ಜಯಕರ್. 1939ರಲ್ಲಿ ಅವರು ಲಂಡನ್‌ನ ಪ್ರಿವಿ ಕೌನ್ಸಿಲ್‌ನ ನ್ಯಾಯಾಂಗ ಸಮಿತಿಗೆ ನೇಮಕವಾದರು. ಆ ಕಾಲದಲ್ಲಿ ಭಾರತದ ಮೊಕದ್ದಮೆಗಳ ಕೊನೆಯ ಮೇಲ್ಮನವಿ ಅಲ್ಲಿಗೇ ಹೋಗುತ್ತಿತ್ತು.

1946ರಲ್ಲಿ ಅವರು ಬಾಂಬೆಯಿಂದ ಸಂವಿಧಾನ ಸಭೆಗೆ ಆಯ್ಕೆಯಾದರು. ನೆಹರು ಮಂಡಿಸಿದ ಧ್ಯೇಯ ನಿರ್ಣಯವನ್ನು ಮುಸ್ಲಿಂ ಲೀಗ್ ಮತ್ತು ಸಂಸ್ಥಾನಗಳ ಪ್ರತಿನಿಧಿಗಳು ಬರುವವರೆಗೆ ಮುಂದೂಡಬೇಕು ಎಂದು ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದರು. ಎಲ್ಲರೂ ಬಂದು ಕೂತ ಮೇಲೆ ತೀರ್ಮಾನ ಮಾಡೋಣ ಎಂಬ ಅವರ ಹಳೆಯ ನಂಬಿಕೆ ಇಲ್ಲೂ ಕಾಣುತ್ತದೆ. ಆದರೆ ಕಾಲ ಅವರ ಜೊತೆಗಿರಲಿಲ್ಲ. ಸಭೆಯಲ್ಲಿ ಅವರ ಸಲಹೆಗೆ ಬೆಂಬಲಕ್ಕಿಂತ ವಿರೋಧವೇ ಹೆಚ್ಚು ಬಂತು. ಕೆಲವೇ ತಿಂಗಳಲ್ಲಿ ಅವರು ಸದಸ್ಯತ್ವ ಬಿಟ್ಟರು.

ತೆರವಾದ ಆ ಸ್ಥಾನಕ್ಕೆ 1947ರ ಜುಲೈನಲ್ಲಿ ಆಯ್ಕೆಯಾದವರು ಡಾ. ಬಿ.ಆರ್. ಅಂಬೇಡ್ಕರ್. ದೇಶ ವಿಭಜನೆಯಿಂದ ಬಂಗಾಳದ ತಮ್ಮ ಸ್ಥಾನ ಕಳೆದುಕೊಂಡಿದ್ದ ಅಂಬೇಡ್ಕರ್ ಸಂವಿಧಾನ ಸಭೆಗೆ ಮರಳಿದ್ದು ಹೀಗೆ. ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಮತ್ತೆ ಪುಣೆಗೆ: ಗಣೇಶಖಿಂಡ್ ದಿನಗಳು

ಎಪ್ಪತ್ತು ದಾಟಿದ ಮೇಲೆ ಜಯಕರ್ ಅವರಿಗೆ ಹೊಸ ಜವಾಬ್ದಾರಿ ಬಂತು. ಮಹಾರಾಷ್ಟ್ರಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕು ಎಂಬ ಬೇಡಿಕೆಯನ್ನು ಪರಿಶೀಲಿಸಿದ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. 1948ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಕಾಯ್ದೆ ಬಂದಾಗ ಮೊದಲ ಕುಲಪತಿಯಾಗಿ ಅವರನ್ನೇ ನೇಮಿಸಲಾಯಿತು. ವಿಶ್ವವಿದ್ಯಾಲಯದ ಸ್ಥಾಪನಾ ದಿನ 1949ರ ಫೆಬ್ರವರಿ 10. ಅದೇ ವರ್ಷ ಬಾಂಬೆ ರಾಜ್ಯದ ಕನ್ನಡ ಜಿಲ್ಲೆಗಳಿಗೆಂದು ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿತು, ಮುಂದೆ ಧಾರವಾಡ ಅದರ ನೆಲೆಯಾಯಿತು.

ಪುಣೆ ವಿವಿಗೆ ಸಿಕ್ಕಿದ್ದು ಗಣೇಶಖಿಂಡ್‌ನ ಹಳೆಯ ಗವರ್ನರ್ ಬಂಗಲೆ. 1897ರ ಜೂನ್ 22ರ ರಾತ್ರಿ ಈ ಬಂಗಲೆಯ ಔತಣ ಮುಗಿಸಿ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದ್ದು ಇದೇ ರಸ್ತೆಯಲ್ಲಿ. ಬ್ರಿಟಿಷ್ ಗವರ್ನರ್‌ಗಳ ಮಳೆಗಾಲದ ಮನೆ ಜಯಕರ್ ಕಾಲದಲ್ಲಿ ತರಗತಿ, ಕಚೇರಿ, ಪುಸ್ತಕಗಳ ಮನೆಯಾಯಿತು. 1956ರವರೆಗೆ ಅವರು ಆ ಹುದ್ದೆಯಲ್ಲಿದ್ದರು.

ಬದುಕಿನ ಕೊನೆಯಲ್ಲಿ ಅವರು ಇಂಗ್ಲಿಷ್‌ನಲ್ಲಿ ಎರಡು ಸಂಪುಟಗಳ ಆತ್ಮಕಥೆ ಬರೆದರು. 1959ರ ಮಾರ್ಚ್ 10ರಂದು 85ನೇ ವಯಸ್ಸಿನಲ್ಲಿ ನಿಧನರಾದರು. 2014ರಲ್ಲಿ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆ ಹೆಸರು ಬಂತು, ಗ್ರಂಥಾಲಯದಲ್ಲಿ ಜಯಕರ್ ಹೆಸರು ಉಳಿದಿದೆ.

ಬಣ್ಣ ಬಳಿದ ತಗಡಿನಿಂದ ಹೊಳೆಯುವ ಹಾಳೆಗೆ

ಅವರ ನಂತರದ ದಶಕಗಳಲ್ಲಿ ಫಲಕದ ಅರ್ಥ ಹೆಚ್ಚು ಬದಲಾಗಲಿಲ್ಲ, ಆದರೆ ಅದರ ಮೈ ಪೂರ್ತಿ ಬದಲಾಯಿತು. ಹಳೆಯ ಬೋರ್ಡ್ ಎಂದರೆ ತಗಡಿನ ಮೇಲೆ ಬಣ್ಣ. ಹಗಲಲ್ಲಿ ಸರಿ, ರಾತ್ರಿ ಹೆಡ್‌ಲೈಟ್ ಬಿದ್ದರೆ ಬೆಳಕು ಎಲ್ಲ ದಿಕ್ಕಿಗೂ ಚದುರಿಹೋಗುತ್ತಿತ್ತು. ಚಾಲಕನ ಕಣ್ಣಿಗೆ ಮರಳುತ್ತಿದ್ದುದು ತೀರಾ ಕಡಿಮೆ.

ಇದಕ್ಕೆ ಉತ್ತರ ಮೊದಲು ಸಿಕ್ಕಿದ್ದು ಇಂಗ್ಲೆಂಡ್‌ನಲ್ಲಿ. 1930ರ ದಶಕದಲ್ಲಿ ಪರ್ಸಿ ಶಾ ಎಂಬುವರು ರಸ್ತೆ ಮಧ್ಯೆ ಹುದುಗಿಸುವ, ಬೆಕ್ಕಿನ ಕಣ್ಣಿನಂತೆ ಹೊಳೆಯುವ ಗಾಜಿನ ಗುಂಡಿಗಳನ್ನು ರೂಪಿಸಿದರು. ಅದೇ ದಶಕದ ಕೊನೆಗೆ ಅಮೆರಿಕದ 3ಎಂ ಕಂಪನಿ ಸಣ್ಣ ಗಾಜಿನ ಮಣಿಗಳಿರುವ ಪ್ರತಿಫಲನ ಹಾಳೆಯನ್ನು ರಸ್ತೆ ಫಲಕಕ್ಕೆ ತಂದಿತು. ಪ್ರತಿ ಮಣಿ ತನ್ನ ಮೇಲೆ ಬಿದ್ದ ಬೆಳಕನ್ನು ಬಾಗಿಸಿ, ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಮಣಿಗಳ ನಂತರ ಬಂದಿದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಿಸಂಗಳ ಹಾಳೆ. ಮೂರು ಮುಖಗಳು ಲಂಬವಾಗಿ ಸೇರುವ ಮೂಲೆಗೆ ಬಿದ್ದ ಬೆಳಕು ಮೂರು ಬಾರಿ ಪುಟಿದು ಹೊರಟ ಕಡೆಗೇ ಮರಳುತ್ತದೆ. ಮಣಿಗಳಿಗಿಂತ ಇದು ಹೆಚ್ಚು ಹೊಳೆಯುತ್ತದೆ, ಹೆಚ್ಚು ದೂರದಿಂದ ಕಾಣುತ್ತದೆ.

ಇಂದು ಎಕ್ಸ್‌ಪ್ರೆಸ್‌ವೇಗಳ ನೀಲಿ, ರಾಷ್ಟ್ರೀಯ ಹೆದ್ದಾರಿಗಳ ಹಸಿರು ಬೋರ್ಡ್‌ಗಳು ಕರೆಂಟ್ ಇಲ್ಲದೆಯೇ ಹೊಳೆಯುವುದು ಈ ತಂತ್ರದಿಂದ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡ್‌ಗೆ ಸುಮಾರು 28 ಮೀಟರ್ ಸಾಗುತ್ತದೆ. ಬೋರ್ಡ್ ಎರಡು ಸೆಕೆಂಡ್ ಮೊದಲು ಕಂಡರೆ ಚಾಲಕನಿಗೆ ಹೆಚ್ಚುವರಿಯಾಗಿ ಸಿಗುವುದು 56 ಮೀಟರ್. ಘಾಟ್ ರಸ್ತೆಯ ತಿರುವಿನಲ್ಲಿ ಆ 56 ಮೀಟರ್ ಒಂದು ಜೀವದ ಬೆಲೆಯಾಗಬಹುದು.

ಈಗ ಬೋರ್ಡ್ ನಮ್ಮನ್ನೇ ನೋಡುತ್ತದೆ

ಮುಂದಿನ ಹೆಜ್ಜೆ ಬದಲಾಗುವ ಫಲಕಗಳದ್ದು. 2002ರಲ್ಲಿ ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ ದೇಶದ ಮೊದಲ ಆರು ಪಥಗಳ ಕಾಂಕ್ರೀಟ್ ಎಕ್ಸ್‌ಪ್ರೆಸ್‌ವೇ. ಉದ್ದ ಸುಮಾರು 94.5 ಕಿ.ಮೀ. ಮುಂದೆ ಅಪಘಾತ, ಮಂಜು ಅಥವಾ ದಟ್ಟಣೆ ಇದ್ದರೆ ಇಲ್ಲಿ ಎಲ್‌ಇಡಿ ಫಲಕಗಳ ಮೇಲೆ ಸಂದೇಶ ಮೂಡುತ್ತದೆ. 2024ರಲ್ಲಿ ಇಲ್ಲಿ ಇಂಟೆಲಿಜೆಂಟ್ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸಿಸ್ಟಂ ಜಾರಿಗೆ ಬಂತು. ವೇಗ ಮಿತಿ ಮೀರಿದರೆ, ಲೇನ್ ಶಿಸ್ತು ತಪ್ಪಿದರೆ, ಸೀಟ್ ಬೆಲ್ಟ್ ಹಾಕದಿದ್ದರೆ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಇ-ಚಲನ್ ಕಳಿಸುತ್ತದೆ.

ನಗರದೊಳಗೆ ಪುಣೆ ಸ್ಮಾರ್ಟ್ ಸಿಟಿ ಯೋಜನೆಯಡಿ ನೂರಕ್ಕೂ ಹೆಚ್ಚು ಜಂಕ್ಷನ್‌ಗಳಲ್ಲಿ ಅಡಾಪ್ಟಿವ್ ಸಿಗ್ನಲ್ ಹಾಕಲಾಗಿದೆ. ವಾಹನಗಳ ಸಂಖ್ಯೆ ನೋಡಿ ಹಸಿರು ದೀಪದ ಅವಧಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು ಇದರ ಕೆಲಸ. ಬೆಂಗಳೂರಿನಲ್ಲೂ 2024ರಿಂದ ಇಂಥದ್ದೇ ವ್ಯವಸ್ಥೆ ಬರುತ್ತಿದೆ. ಅದರಲ್ಲಿ ಬಳಸಿರುವ ತಂತ್ರಾಂಶ ಸಿ-ಡ್ಯಾಕ್‌ನದ್ದು. ಸಿ-ಡ್ಯಾಕ್ ಮುಖ್ಯ ಕಚೇರಿ ಇರುವುದು ಪುಣೆಯಲ್ಲಿ.

ಇಷ್ಟೆಲ್ಲ ಬಂದ ಮೇಲೆ ರಸ್ತೆ ಬದಿಯ ಹಳೆಯ ಫಲಕಕ್ಕೆ ಬೆಲೆ ಕಡಿಮೆಯಾಯಿತೇ? ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ ಫಲಕ ಪಾಲಿಸುವುದು ಚಾಲಕನ ಕರ್ತವ್ಯ. ಕ್ಯಾಮೆರಾ ಜಾರಿಗೆಂದು 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ, ಕ್ಯಾಮೆರಾ ಕಣ್ಗಾವಲಿರುವ ಭಾಗ ಶುರುವಾಗುವ ಮೊದಲೇ ಅದನ್ನು ತಿಳಿಸುವ ಫಲಕ ಎದ್ದು ಕಾಣುವಂತೆ ಇರಬೇಕು. ಅಂದರೆ ದಂಡ ಹಾಕುವ ಯಂತ್ರವೂ ಮೊದಲು ಒಂದು ಬೋರ್ಡ್ ನೆಟ್ಟು ಜನರಿಗೆ ಹೇಳಬೇಕು.

ಬ್ಯಾನರ್ ಹಿಂದೆ ಅಡಗಿದ ಒಪ್ಪಂದ

ಪ್ರಶ್ನೆ ಇರುವುದು ಇಲ್ಲಿಯೇ. ನಮ್ಮ ಊರುಗಳಲ್ಲಿ ವೇಗ ಮಿತಿಯ ಬೋರ್ಡ್ ಮೇಲೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಿರುತ್ತಾರೆ. ಮರದ ಕೊಂಬೆ ಬೆಳೆದು ಶಾಲೆ ಇದೆ ಎಂಬ ತ್ರಿಕೋನವನ್ನು ಮುಚ್ಚಿರುತ್ತದೆ. ರಸ್ತೆ ಕಾಮಗಾರಿ ಮುಗಿದರೂ ಬದಲಿ ಮಾರ್ಗದ ಬಾಣ ಅಲ್ಲೇ ಇರುತ್ತದೆ. ಇವನ್ನು ಸಣ್ಣ ವಿಷಯ ಎಂದು ಬಿಡುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ 1,68,491 ಜನ ಬಲಿಯಾದರು. ಎಲ್ಲ ಸಾವಿಗೂ ಫಲಕ ಕಾರಣವಲ್ಲ. ಆದರೆ ಫಲಕ ಓದುವ ಅಭ್ಯಾಸ ಮತ್ತು ಫಲಕದ ಮೇಲಿನ ನಂಬಿಕೆ ಎರಡೂ ಒಟ್ಟಿಗೆ ಬೆಳೆಯುತ್ತವೆ, ಒಟ್ಟಿಗೆ ಕುಸಿಯುತ್ತವೆ. ನಾಲ್ಕು ಬೋರ್ಡ್ ಸುಳ್ಳಾದರೆ ಐದನೆಯದನ್ನು ಯಾರೂ ನೋಡುವುದಿಲ್ಲ.

ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿ.ಮೀ. ಹಳೆಯ ಎನ್‌ಎಚ್-4 ಈಗ ಎನ್‌ಎಚ್-48 ಆಗಿದೆ. ಕಾಗಲ್ ದಾಟಿ ಕರ್ನಾಟಕಕ್ಕೆ ಬಂದರೆ ಊರ ಹೆಸರುಗಳು ದೇವನಾಗರಿಯಿಂದ ಕನ್ನಡಕ್ಕೆ ತಿರುಗುತ್ತವೆ. ಗಡಿಯಲ್ಲಿ ಬೋರ್ಡ್ ಭಾಷೆಯ ಬಗ್ಗೆ ಜಗಳಗಳೂ ಆಗಿವೆ. ಆದರೆ ತಿರುವಿನ ತ್ರಿಕೋನದ ಬಗ್ಗೆ, ವೇಗ ಮಿತಿಯ ವೃತ್ತದ ಬಗ್ಗೆ ಎರಡೂ ಕಡೆ ಯಾರಿಗೂ ತಕರಾರಿಲ್ಲ. ಜಯಕರ್ ಜೀವನವಿಡೀ ಹುಡುಕಿದ್ದು ಇಂಥ ಒಮ್ಮತವನ್ನು. ಜೈಲಿನ ಮಾತುಕತೆಯಲ್ಲಿ, ಸಂವಿಧಾನ ಸಭೆಯಲ್ಲಿ ಅವರಿಗೆ ಸಿಗದಿದ್ದ ಅದು ರಸ್ತೆ ಬದಿಯಲ್ಲಿ ಸಿಕ್ಕಿದೆ.

ಅವರ ಸಮಿತಿ ಹುಟ್ಟುಹಾಕಿದ ಕೇಂದ್ರ ರಸ್ತೆ ನಿಧಿಗೆ 2000ದಲ್ಲಿ ಹೊಸ ಕಾಯ್ದೆ ಬಂತು, 2018ರಲ್ಲಿ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದು ಹೆಸರು ಬದಲಾಯಿತು. ಇಂದಿಗೂ ನಾವು ಹಾಕಿಸುವ ಪ್ರತಿ ಲೀಟರ್ ಪೆಟ್ರೋಲ್, ಡೀಸೆಲ್‌ನಲ್ಲಿ ರಸ್ತೆಯ ಹೆಸರಿನ ಸೆಸ್ ಸೇರಿರುತ್ತದೆ. 1929ರ 2 ಆಣೆಯ ಮುಂದುವರಿದ ಲೆಕ್ಕವದು. ಹಣ ಕೊಟ್ಟ ಮೇಲೆ, ಬ್ಯಾನರ್ ಸರಿಸಿ ಬೋರ್ಡ್ ಕಾಣುವಂತೆ ಮಾಡಿ ಎಂದು ಕೇಳುವ ಹಕ್ಕೂ ನಮಗಿದೆ. ಕಂಡ ಬೋರ್ಡ್ ಪಾಲಿಸುವ ಹೊಣೆಯೂ ನಮ್ಮದೇ.